ಲೋಟ ಬಳಕೆದಾರರ ಕೈಪಿಡಿ: ನಾಲ್ಕು ತಾಲ್ಲೂಕುಗಳ ಆವೃತ್ತಿ

ಕುಡಿಯುವ ಮುನ್ನ ಪೂರ್ತಿ ಓದಿಕೊಳ್ಳಿ. ಓದುವಷ್ಟರಲ್ಲಿ ಚಹಾ ಆರಿಹೋದರೆ ತಯಾರಕರು ಹೊಣೆಯಲ್ಲ.

1. ಯಾರಿಗಾಗಿ

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳಲ್ಲಿ ವಾಸಿಸುವವರಿಗೆ, ಅಲ್ಲಿಗೆ ಬೀಗರಾಗಿ ಹೋಗುವವರಿಗೆ, ಬಸ್ಸು ತಪ್ಪಿ ಅಲ್ಲಿಯ ಸ್ಟ್ಯಾಂಡಿನಲ್ಲಿ ಉಳಿದವರಿಗೆ ಈ ಕೈಪಿಡಿ ಅನ್ವಯಿಸುತ್ತದೆ. 1997ರಲ್ಲಿ ಈ ತಾಲ್ಲೂಕುಗಳು ಧಾರವಾಡ ಜಿಲ್ಲೆ ಬಿಟ್ಟು ಹೊಸ ಹಾವೇರಿ ಜಿಲ್ಲೆಗೆ ಸೇರಿದವು. ಜಿಲ್ಲೆ ಬದಲಾದರೂ ಮನೆಗೆ ಬಂದವರಿಗೆ ಹೇಳುವ ಮೊದಲ ಮಾತು ಬದಲಾಗಲಿಲ್ಲ: "ಬರ್ರಿ, ಕುಂದರ್ರಿ, ನೀರು ಕುಡೀರಿ." ನೀವು ತಂಬಿಗೆ ಕೆಳಗಿಡುವ ಹೊತ್ತಿಗೆ ಒಳಗೆ ಚಹಾಕ್ಕೆ ಇಟ್ಟಾಗಿರುತ್ತದೆ. "ಈಗರ ಕುಡದ ಬಂದೇನ್ರಿ" ಎಂಬ ನಿಮ್ಮ ಹೇಳಿಕೆಯನ್ನು ಯಾರೂ ದಾಖಲಿಸಿಕೊಳ್ಳುವುದಿಲ್ಲ.

ಪಾತ್ರೆ ಬದಲಾದರೆ ರುಚಿ ಬದಲಾಗುತ್ತದೆ ಎಂದು ಇಲ್ಲಿ ಎಲ್ಲರಿಗೂ ಗೊತ್ತು. ಯಾಕೆ ಎಂದು ಕೇಳಿದರೆ ಮಾತ್ರ "ಅದು ಹಂಗ ಇರೂದರೀ" ಎಂಬ ಉತ್ತರ ಬರುತ್ತದೆ. ಆ ಉತ್ತರ ತಪ್ಪಲ್ಲ, ಅಪೂರ್ಣ. ಉಳಿದದ್ದನ್ನು ತುಂಬಿಕೊಡುವುದು ಈ ಕೈಪಿಡಿಯ ಕೆಲಸ.

2. ಪೆಟ್ಟಿಗೆಯಲ್ಲಿ ಏನೇನಿದೆ

ನೀರಿಗೆ ಮಣ್ಣಿನ ಹರವಿ ಒಂದು, ಮೊಸರಿನ ಗಡಿಗೆ ಒಂದು, ತಾಮ್ರದ ಕೊಡ ಒಂದು, ಹಿತ್ತಾಳೆ ತಂಬಿಗೆ ಒಂದು (ಕಲಾಯಿ ಸಹಿತ ಅಥವಾ ರಹಿತ), ಸ್ಟೀಲಿನ ಲೋಟ ಬೇಕಾದಷ್ಟು, ಕಪ್ಪು-ಬಸಿ ಒಂದು ಜೊತೆ, ಗೆರೆಗೆರೆಯ ಗಾಜಿನ ಗ್ಲಾಸು ಒಂದು, ಪೇಪರ್ ಕಪ್ಪು ಒಂದು ಕಟ್ಟು. ಜೊತೆಗೆ ನಾಲಿಗೆ ಒಂದು, ಮೂಗು ಒಂದು. ಕೊನೆಯ ಎರಡಕ್ಕೆ ಬಿಡಿಭಾಗ ದೊರೆಯುವುದಿಲ್ಲ.

ಸವಣೂರಿನ ಎಲೆ ಪೆಟ್ಟಿಗೆಯಲ್ಲಿಲ್ಲ, ಬೇರೆ ಕೊಳ್ಳಬೇಕು. ಚಹಾ ಆದಮೇಲೆ ಹಾಕಿಕೊಳ್ಳಿ. ಮೊದಲೇ ಎಲೆ-ಅಡಿಕೆ-ಸುಣ್ಣ ಜಗಿದ ಬಾಯಿಗೆ ಚಿನ್ನದ ಲೋಟವೂ ಒಂದೇ, ಚಿಪ್ಪೂ ಒಂದೇ.

3. ಯಂತ್ರ ಕೆಲಸ ಮಾಡುವ ರೀತಿ

ಪಾತ್ರೆ ರುಚಿಯ ಮೇಲೆ ಕೈಯಾಡಿಸುವುದು ನಾಲ್ಕು ದಾರಿಗಳಲ್ಲಿ. ಅದು ತಾನೇ ಸ್ವಲ್ಪ ಕರಗುತ್ತದೆ. ಶಾಖವನ್ನು ಹಿಡಿದಿಡುತ್ತದೆ ಅಥವಾ ಬಿಟ್ಟುಕೊಡುತ್ತದೆ. ವಾಸನೆಯನ್ನು ಹೀರಿಕೊಂಡು ಬೇಡದ ಹೊತ್ತಿನಲ್ಲಿ ವಾಪಸು ಕೊಡುತ್ತದೆ. ಕೊನೆಯದಾಗಿ, ಕಣ್ಣಿಗೂ ಕೈಗೂ ಏನನ್ನೋ ಹೇಳಿ ನಾಲಿಗೆಯನ್ನು ನಂಬಿಸುತ್ತದೆ. ನಾಲ್ಕನೆಯದನ್ನು ಹಗುರವಾಗಿ ಎಣಿಸಬೇಡಿ. ಒಂದೇ ನೀರನ್ನು ಗಟ್ಟಿ ಲೋಟದಲ್ಲೂ ಹಿಡಿದರೆ ಬಾಗುವ ಲೋಟದಲ್ಲೂ ಕೊಟ್ಟರೆ, ಬಾಗುವ ಲೋಟದ ನೀರಿಗೆ ಜನ ಕಡಿಮೆ ಅಂಕ ಕೊಡುತ್ತಾರೆಂದು ಸಂಶೋಧಕರಾದ ಆರಾಧನಾ ಕೃಷ್ಣ ಮತ್ತು ಮೌರೀನ್ ಮೋರಿನ್ 2008ರಲ್ಲಿ ತೋರಿಸಿದರು. ನೀರು ಅದೇ, ಬಾಗಿದ್ದು ಲೋಟ, ಕೆಟ್ಟ ಹೆಸರು ನೀರಿಗೆ.

4. ಹರವಿ: ಅಳವಡಿಕೆ ಮತ್ತು ಚಾಲನೆ

ಹಂತ ಒಂದು. ಹರವಿಯನ್ನು ಬೆರಳ ಗೆಣ್ಣಿನಿಂದ ಬಡಿದು ನೋಡಿ. ಖಣ್ ಎಂದರೆ ಕೊಳ್ಳಿ. ಬೊದ್ ಎಂದರೆ ಎಲ್ಲೋ ಬಿರುಕಿದೆ, ಮಾರುವವರಿಗೂ ಗೊತ್ತಿದೆ.

ಹಂತ ಎರಡು. ತಂದ ದಿನವೇ ಅದರ ನೀರು ಕುಡಿಯುವ ಆತುರ ಬೇಡ. ನೀರು ತುಂಬಿ ನೆನೆಯಲು ಬಿಡಿ, ಚೆಲ್ಲಿ, ಮತ್ತೆ ತುಂಬಿ. ಮೊದಮೊದಲು ನೀರಿಗೆ ಮಣ್ಣಿನ ವಾಸನೆ ದಟ್ಟವಾಗಿರುತ್ತದೆ. ಮೊದಲ ಮಳೆಗೆ ನೆಲದಿಂದೇಳುವ ವಾಸನೆಯ ಹತ್ತಿರದ ಸಂಬಂಧಿ ಅದು. ಆಸ್ಟ್ರೇಲಿಯದ ಇಬ್ಬರು ವಿಜ್ಞಾನಿಗಳು 1964ರಲ್ಲಿ ಆ ಮಳೆ ವಾಸನೆಗೆ ಪೆಟ್ರಿಕೋರ್ ಎಂದು ಹೆಸರಿಟ್ಟರು. ಉತ್ತರ ಪ್ರದೇಶದ ಕನೌಜಿನವರು ಅದಕ್ಕೂ ಮೊದಲೇ ಸುಟ್ಟ ಮಣ್ಣನ್ನು ಬಟ್ಟಿ ಇಳಿಸಿ ಅತ್ತರು ಮಾಡಿ ಮಾರುತ್ತಿದ್ದರು. ನಮ್ಮ ಕಡೆಯವರು ಹೆಸರೂ ಇಡಲಿಲ್ಲ, ಅತ್ತರೂ ಮಾಡಲಿಲ್ಲ, ನೀರು ಕುಡಿದರು.

ಹಂತ ಮೂರು. ಹರವಿಯ ಹೊರಮೈ ಬೆವರುತ್ತಿದೆಯೇ ನೋಡಿ. ಬೆವರಿದರೆ ಯಂತ್ರ ಚಾಲನೆಯಲ್ಲಿದೆ ಎಂದರ್ಥ. ಮಣ್ಣಿನ ಸಣ್ಣ ರಂಧ್ರಗಳಿಂದ ಹೊರಬಂದ ನೀರು ಆವಿಯಾಗುವಾಗ ಒಳಗಿನ ಶಾಖವನ್ನು ಎಳೆದುಕೊಂಡು ಹೋಗುತ್ತದೆ. ಒಂದು ಗ್ರಾಂ ಆವಿಯಾಗಲು ಸುಮಾರು 2,400 ಜೂಲ್ ಶಾಖ ಬೇಕು. ಅಷ್ಟು ಶಾಖ ಹೋದರೆ ಒಂದು ಲೀಟರ್ ನೀರು ಅರ್ಧ ಡಿಗ್ರಿಗಿಂತ ತುಸು ಹೆಚ್ಚೇ ತಣಿಯುತ್ತದೆ. ಸವಣೂರಿನ ಏಪ್ರಿಲ್ ತಿಂಗಳ ಒಣಗಾಳಿಯಲ್ಲಿ ಈ ಯಂತ್ರ ಬಿಡುವಿಲ್ಲದೆ ದುಡಿಯುತ್ತದೆ. ಅರೆಮಲೆನಾಡಾದ ಹಾನಗಲ್ಲಿನಲ್ಲಿ ಜುಲೈನ ಜಿಟಿಜಿಟಿ ಮಳೆ ಹಿಡಿದಾಗ ರಜೆ ಹಾಕುತ್ತದೆ. ಗಾಳಿಯೇ ತೊಯ್ದಿರುವಾಗ ಆವಿ ಹೋಗುವುದಾದರೂ ಎಲ್ಲಿಗೆ? ಇದು ದೋಷವಲ್ಲ, ದೂರು ಸ್ವೀಕರಿಸಲಾಗುವುದಿಲ್ಲ.

ಹಂತ ನಾಲ್ಕು. ಬೋರಿನ ಗಡುಸು ನೀರು ತುಂಬುವವರು ಹೊರಮೈ ಮೇಲೆ ಬೆಳ್ಳಗಿನ ಪದರ ಕಟ್ಟುವುದನ್ನು ಗಮನಿಸಿ. ನೀರು ಆವಿಯಾಗಿ ಹೋದರೂ ಅದರ ಉಪ್ಪು ರಂಧ್ರದ ಬಾಯಿಯಲ್ಲೇ ಉಳಿಯುತ್ತದೆ. ರಂಧ್ರ ಮುಚ್ಚಿದರೆ ಬೆವರಿಲ್ಲ, ಬೆವರಿಲ್ಲದಿದ್ದರೆ ತಂಪಿಲ್ಲ. ಬೇಸಗೆಗೊಂದು ಹೊಸ ಹರವಿ ತರುತ್ತಿದ್ದ ಹಿಂದಿನವರು ದುಂದುಗಾರರಾಗಿರಲಿಲ್ಲ.

ಹಂತ ಐದು. ಹರವಿಯ ನೀರು ಫ್ರಿಜ್ಜಿನಷ್ಟು ಕೊರೆಯುವುದಿಲ್ಲ ಎಂದು ಗೊಣಗಬೇಡಿ. ಅದೇ ಅದರ ಗುಣ. ನಾಲಿಗೆಯಲ್ಲಿ ಸಿಹಿಯ ಸುದ್ದಿ ಸಾಗಿಸುವ ಒಂದು ವಾಹಿನಿ ತಣ್ಣಗಾದಾಗ ಮಂಕಾಗುತ್ತದೆ, ಬೆಚ್ಚಗಾದಾಗ ಚುರುಕಾಗುತ್ತದೆ. ಬೆಲ್ಜಿಯಂನ ಲೂವೆನ್ ವಿಶ್ವವಿದ್ಯಾಲಯದವರು ಇದನ್ನು 2005ರಲ್ಲಿ ಪ್ರಕಟಿಸಿದರು. ಹರವಿ ನೀರಿನ ಬೆಲ್ಲದ ಪಾನಕಕ್ಕೆ ಸಾಕಾದ ಬೆಲ್ಲ ಫ್ರಿಜ್ಜಿನ ನೀರಿನ ಪಾನಕಕ್ಕೆ ಸಾಲದು. ಫ್ರಿಜ್ಜು ಕೊಂಡವರು ವಿದ್ಯುತ್ ಬಿಲ್ಲಿನ ಜೊತೆ ಬೆಲ್ಲದ ಲೆಕ್ಕವನ್ನೂ ಸೇರಿಸಿಕೊಳ್ಳಲಿ.

ಉಪಸೂಚನೆ: ಮೊಸರಿನ ಗಡಿಗೆಗೂ ಇದೇ ರಂಧ್ರಗಳ ತತ್ವ. ಮಣ್ಣು ನೀರನ್ನು ಹೀರುವುದರಿಂದ ಮೊಸರು ಗಟ್ಟಿಯಾಗುತ್ತದೆ. ಆದರೆ ಹೀರುವ ಗುಣಕ್ಕೆ ಒಳ್ಳೆಯದು ಕೆಟ್ಟದ್ದು ತಿಳಿಯದು. ಮಜ್ಜಿಗೆ ಇಟ್ಟ ಗಡಿಗೆಯಲ್ಲಿ ಆಮೇಲೆ ಹಾಲು ಇಟ್ಟರೆ ಹಾಲಿಗೂ ಮಜ್ಜಿಗೆಯಾಗುವ ಆಸೆ ಹುಟ್ಟುತ್ತದೆ. ಒಂದು ಗಡಿಗೆಗೆ ಒಂದೇ ಉದ್ಯೋಗ. ಹಿರೇಕೆರೂರು ತಾಲ್ಲೂಕಿನ ಅಬಲೂರಿನ ಕುಂಬಾರ ಮಾಳಿ ಸರ್ವಜ್ಞನ ತಾಯಿ ಎನ್ನುತ್ತದೆ ಐತಿಹ್ಯ. ಅವಳ ಮಗ ತ್ರಿಪದಿಯಲ್ಲಿ ಲೋಕಕ್ಕೆಲ್ಲ ಬುದ್ಧಿ ಹೇಳಿದ. ಗಡಿಗೆಯ ಬುದ್ಧಿಯನ್ನು ಗಡಿಗೆ ಮಾಡುವವರನ್ನೇ ಕೇಳಬೇಕು.

5. ತಾಮ್ರ, ಹಿತ್ತಾಳೆ: ಹುಳಿಯಿಂದ ದೂರವಿಡಿ

ತಾಮ್ರದ ಕೊಡವನ್ನು ಹುಣಸೆಹಣ್ಣಿನಿಂದ ತಿಕ್ಕಿದರೆ ಫಳಫಳ ಹೊಳೆಯುತ್ತದೆ. ಹೊಳಪು ಬಂದದ್ದು ಹೇಗೆ? ಹುಳಿ ಮೇಲಿನ ಕಪ್ಪು ಪದರವನ್ನು ಕರಗಿಸಿತು. ಹಾಗಾದರೆ ಅದೇ ಕೊಡದಲ್ಲಿ ಹುಣಸೆಹಣ್ಣಿನ ಪಾನಕ ಇಟ್ಟರೆ ಏನಾಗುತ್ತದೆ? ಅದೇ ಕರಗುವಿಕೆ, ಈ ಸಲ ನಿಮ್ಮ ಹೊಟ್ಟೆಗೆ. ತಿಕ್ಕುವ ಕೈಗೆ ಗೊತ್ತಿರುವ ರಸಾಯನಶಾಸ್ತ್ರವನ್ನು ಕುಡಿಯುವ ಬಾಯಿ ಮರೆಯಬಾರದು. ಕಲಾಯಿ ಇಲ್ಲದ ಹಿತ್ತಾಳೆಯಲ್ಲಿ ಮಜ್ಜಿಗೆ ಇಟ್ಟರೆ ಕಿಲುಬುತ್ತದೆ. ಒಗರು, ಕಹಿ, ಲೋಹದ ಒಂದು ಚುರುಕು ಸೇರಿದ ಆ ರುಚಿಯನ್ನು ಒಮ್ಮೆ ಕುಡಿದವರು ಎರಡನೆಯ ಸಲ ಕೇಳುವುದಿಲ್ಲ.

ಎಲ್ಲ ಲೋಹಗಳೂ ಹೀಗೆ ಬಾಯಿಬಡುಕವಲ್ಲ. ಲಂಡನ್ನಿನ ಜೋಯಿ ಲಾಫ್ಲಿನ್ ಮತ್ತು ಸಂಗಡಿಗರು ಒಂದೇ ಆಕಾರದ ಚಮಚಗಳಿಗೆ ಚಿನ್ನ, ಬೆಳ್ಳಿ, ತಾಮ್ರ, ಸತು, ತವರ ಮೊದಲಾದ ಲೋಹಗಳ ಲೇಪ ಕೊಟ್ಟು ಜನರ ಬಾಯಿಗಿಟ್ಟು ನೋಡಿದರು. 2011ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ತಾಮ್ರ ಮತ್ತು ಸತುವಿನ ಚಮಚಗಳೇ ಹೆಚ್ಚು ಕಹಿ, ಹೆಚ್ಚು ಲೋಹದ ರುಚಿ, ಚಿನ್ನ ತೀರಾ ಮೌನಿ. ಎಲೆಕ್ಟ್ರಾನು ಬಿಟ್ಟುಕೊಡಲು ಲೋಹ ಎಷ್ಟು ಸಿದ್ಧವಿದೆಯೋ ಅಷ್ಟು ಅದರ ರುಚಿ ನಾಲಿಗೆಗೆ ತಿಳಿಯುತ್ತದೆ. ತಾಮ್ರ ಮತ್ತು ಸತು ಕೂಡಿದರೆ ಹಿತ್ತಾಳೆ. ಮಾತುಗಾರರಿಬ್ಬರೂ ಒಂದೇ ಮನೆಯಲ್ಲಿರುವಾಗ ಮಜ್ಜಿಗೆಗೆ ನೆಮ್ಮದಿ ಎಲ್ಲಿಯದು?

ಬರೀ ನೀರಿಗೆ ಮಾತ್ರ ತಾಮ್ರ ಅಡ್ಡಿಯಿಲ್ಲ, ಉಪಕಾರವೂ ಉಂಟು. ತಾಮ್ರದ ಪಾತ್ರೆಯಲ್ಲಿ 16 ತಾಸು ಇಟ್ಟ ನೀರಿನಲ್ಲಿ ಕಾಲರಾ ಮತ್ತು ಭೇದಿ ತರುವ ಬ್ಯಾಕ್ಟೀರಿಯಾಗಳು ಉಳಿಯಲಿಲ್ಲವೆಂದು ಬೆಂಗಳೂರಿನ ಸಂಶೋಧಕರು 2012ರಲ್ಲಿ ಪ್ರಕಟಿಸಿದರು. ನೀರಿಗಿಳಿದ ತಾಮ್ರವೂ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯೊಳಗೇ ಇತ್ತು. ಆ ಮಿತಿ ಲೀಟರಿಗೆ 2 ಮಿಲಿಗ್ರಾಂ. ರಾತ್ರಿ ತುಂಬಿಟ್ಟು ಬೆಳಿಗ್ಗೆ ಕುಡಿಯುವ ಅಜ್ಜಿಯ ಕ್ರಮಕ್ಕೆ ಪ್ರಯೋಗಾಲಯ ಹತ್ತಿರ ಹತ್ತಿರ ಬಂದಿದೆ. ಆದರೆ ಲಿಂಬೆಹಣ್ಣು ಹಿಂಡಿ ಅದರಲ್ಲೇ ಇಡುವ ಮೊಮ್ಮಕ್ಕಳಿಗೆ ಈ ಪ್ರಮಾಣಪತ್ರ ಅನ್ವಯಿಸುವುದಿಲ್ಲ.

ನಿರ್ವಹಣೆ: ಹಿತ್ತಾಳೆಗೆ ಆಗಾಗ ಕಲಾಯಿ ಹಾಕಿಸಬೇಕು. ಕಲಾಯಿಯವರು ಓಣಿಯ ಮರದ ಕೆಳಗೆ ಸಣ್ಣ ಕುಳಿ ತೋಡಿ, ಇದ್ದಲು ಸುರಿದು, ತಿದಿ ಒತ್ತುತ್ತಾರೆ. ಇಕ್ಕಳದಲ್ಲಿ ಹಿಡಿದ ತಂಬಿಗೆಯನ್ನು ಕೆಂಡದ ಮೇಲೆ ತಿರುವಿ ತಿರುವಿ ಕಾಯಿಸುತ್ತಾರೆ. ನವಸಾಗರದ ಪುಡಿ ಎರಚಿದೊಡನೆ ಮೂಗು ಹರಿಯುವಂಥ ಬಿಳಿ ಹೊಗೆ ಏಳುತ್ತದೆ. ಸುತ್ತ ನಿಂತ ಹುಡುಗರು ಕೆಮ್ಮುತ್ತಾರೆ, ಜಾಗ ಮಾತ್ರ ಬಿಡುವುದಿಲ್ಲ. ಆ ಪುಡಿ ಹಿತ್ತಾಳೆಯ ಮೇಲಿನ ಕೊಳೆ ಪದರವನ್ನು ಕಿತ್ತು ತವರಕ್ಕೆ ಜಾಗ ಮಾಡುತ್ತದೆ. ಆಮೇಲೆ ತವರದ ಕಡ್ಡಿ ಮುಟ್ಟಿಸಬೇಕು. 232 ಡಿಗ್ರಿಗೆ ಕರಗುವ ಲೋಹ ಅದು, ಮುಟ್ಟಿದಲ್ಲೇ ಹನಿಯಾಗುತ್ತದೆ. ಅರಳೆಯ ಉಂಡೆಯಿಂದ ಒಂದು ಸುತ್ತು ಒರೆಸಿದರೆ ಹಳದಿ ತಂಬಿಗೆಯ ಒಳಗೆಲ್ಲ ಬೆಳ್ಳಿ ಬಣ್ಣ ಹರಡುತ್ತದೆ. ನೀರಿಗೆ ಅದ್ದಿದರೆ ಚುಂಯ್. ಇಷ್ಟಾದರೆ ಹಿತ್ತಾಳೆ ಬಾಯಿ ಮುಚ್ಚಿತು. ಸೀಸ ಬೆರೆಸಿದ ಅಗ್ಗದ ತವರದ ಕಲಾಯಿ ಮಾತ್ರ ಬೇಡವೇ ಬೇಡ. ಅದಕ್ಕೆ ರುಚಿ ಕಡಿಮೆ, ವಿಷ ಜಾಸ್ತಿ.

6. ಸ್ಟೀಲು: ತನ್ನದೆಂಬುದೇನೂ ಇಲ್ಲದ ಪಾತ್ರೆ

1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿ ತುಕ್ಕು ಹಿಡಿಯದ ಉಕ್ಕು ತಯಾರಿಸಿದ. ಉಕ್ಕಿನಲ್ಲಿ ಹತ್ತೂವರೆ ಪ್ರತಿಶತಕ್ಕಿಂತ ಹೆಚ್ಚು ಕ್ರೋಮಿಯಂ ಇದ್ದರೆ ಮೇಲೊಂದು ಕಣ್ಣಿಗೆ ಕಾಣದ ಆಕ್ಸೈಡ್ ಪದರ ಕಟ್ಟುತ್ತದೆ. ಗೀಚಿದರೂ ಗಾಳಿ ತಾಗಿದೊಡನೆ ಮತ್ತೆ ಕೂಡಿಕೊಳ್ಳುತ್ತದೆ. ಕಲಾಯಿಯವರ ಕೆಲಸವನ್ನು ಪಾತ್ರೆಯೇ ಮಾಡಿಕೊಳ್ಳತೊಡಗಿತು. ಹಳೇ ಸೀರೆ ಕೊಟ್ಟು ಸ್ಟೀಲಿನ ಬೋಗುಣಿ ಕೊಂಡಿದ್ದು, ಅಂಗಡಿಯಲ್ಲಿ ಕುಳಿತು ಲೋಟದ ಮೇಲೆ ಚುಕ್ಕಿ ಚುಕ್ಕಿಯಾಗಿ ಹೆಸರು ಹೊಡೆಸಿದ್ದು, ಮದುವೆಗೆ ಬಂದ ಡಜನ್ನುಗಟ್ಟಲೆ ಲೋಟಗಳನ್ನು ಅಟ್ಟಕ್ಕೇರಿಸಿದ್ದು, ಎಲ್ಲ ಮನೆಯ ಇತಿಹಾಸವೂ ಇದೇ.

ಸ್ಟೀಲು ಮಜ್ಜಿಗೆಗೆ, ಸಾರಿಗೆ, ಪಾನಕಕ್ಕೆ ನಿರುಪದ್ರವಿ. ಚಹಾಕ್ಕೆ ಬಂದಾಗ ಮಾತ್ರ ಒಂದು ತಕರಾರು. ತಾಮ್ರಕ್ಕೆ ಹೋಲಿಸಿದರೆ ಸ್ಟೀಲು ಸುಮಾರು ಇಪ್ಪತ್ತೈದು ಪಟ್ಟು ನಿಧಾನವಾಗಿ ಶಾಖ ಸಾಗಿಸುತ್ತದೆ, ನಿಜ. ಆದರೆ ಲೋಟದ ತಗಡು ಎಷ್ಟು ತೆಳುವೆಂದರೆ ಆ ನಿಧಾನಕ್ಕೆ ಅರ್ಥವೇ ಇಲ್ಲ. ಅಂಚು ತುಟಿ ಸುಡುತ್ತದೆ, ನಾಲಿಗೆ ಹೆದರಿ ಹಿಂದೆ ಸರಿಯುತ್ತದೆ. ಸುಟ್ಟ ನಾಲಿಗೆಗೆ ಸಕ್ಕರೆ ಎಷ್ಟಾದರೇನು?

ಬಳಕೆಯ ಕ್ರಮ: ಸೆರಗಿನ ತುದಿ ಅಥವಾ ಟವೆಲ್ಲಿನಿಂದ ಲೋಟ ಹಿಡಿಯಿರಿ. ಊದಿರಿ. ಕಾಯಿರಿ. ಮನೆಯವರು "ಆರಿತೇನ್ರಿ? ಬಿಸಿ ಮಾಡ್ಲೇನು?" ಎಂದು ಕೇಳುವುದಕ್ಕೆ ಒಂದು ಕ್ಷಣ ಮೊದಲು ಕುಡಿಯಿರಿ.

7. ಕಪ್ಪು-ಬಸಿ ಮತ್ತು ಗಾಜು

ಪಿಂಗಾಣಿ ಸ್ಟೀಲಿಗಿಂತ ಸುಮಾರು ಹತ್ತು ಪಟ್ಟು ನಿಧಾನವಾಗಿ ಶಾಖ ಬಿಡುತ್ತದೆ. ಅದಕ್ಕೇ ಕಪ್ಪಿನ ಅಂಚು ತುಟಿಯೊಡನೆ ಜಗಳವಾಡುವುದಿಲ್ಲ. ಆದರೆ ಒಳಗಿನ ಚಹಾ ಬೇಗ ಆರುವುದೂ ಇಲ್ಲ. ಬಸಿಯನ್ನು ಕಂಡುಹಿಡಿದದ್ದು ಕಪ್ಪಿನಿಂದ ಚೆಲ್ಲಿದ್ದನ್ನು ಹಿಡಿಯಲು ಎಂದು ನಂಬಿದವರು ಬಂಕಾಪುರದ ಹೆದ್ದಾರಿ ಬದಿಯ ಹೋಟೆಲಿನಲ್ಲಿ ಅರ್ಧ ತಾಸು ಕುಳಿತು ಬರಲಿ.

ಕ್ರಮ: ಕಪ್ಪಿನಿಂದ ಬಸಿಗೆ ಅರ್ಧ ಸುರಿಯಿರಿ. ಚಹಾ ಅಗಲವಾಗಿ ಹರಡಿ, ಆವಿಯಾಗಿ, ಕಪ್ಪಿನಲ್ಲಿರುವ ಅದರ ತಮ್ಮನಿಗಿಂತ ಬೇಗ ಹದಕ್ಕೆ ಬರುತ್ತದೆ. ಎರಡೂ ಕೈಯಿಂದ ಬಸಿ ಎತ್ತಿ, ಸೊರ್ ಎಂದು ಎಳೆಯಿರಿ. ಸದ್ದಿಗೆ ನಾಚಬೇಡಿ. ಚಹಾದ ಜೊತೆ ಒಳಬಂದ ಗಾಳಿ ಪರಿಮಳವನ್ನು ಗಂಟಲ ಹಿಂಬದಿಯಿಂದ ಮೂಗಿಗೆ ಏರಿಸುತ್ತದೆ. ಚಹಾ ತೋಟಗಳಲ್ಲಿ ಸಂಬಳ ಪಡೆದು ರುಚಿ ನೋಡುವ ಪರಿಣತರು ಇದಕ್ಕಿಂತ ಜೋರಾಗಿ ಎಳೆಯುತ್ತಾರೆ.

ಗಾಜಿನ ಗ್ಲಾಸಿನ ಕೆಲಸ ಬೇರೆ: ಅದು ಚಹಾವನ್ನು ತೋರಿಸುತ್ತದೆ. ಹಾಲಿನ ಪ್ರಮಾಣ, ಪುಡಿಯ ಕಡುಪು, ತಳದಲ್ಲಿ ಕೂತ ಸಕ್ಕರೆ ಎಲ್ಲ ಬಹಿರಂಗ. ಬಿಳಿ ಮಗ್ಗಿನಲ್ಲಿ ಕೊಟ್ಟ ಕಾಫಿ ಪಾರದರ್ಶಕ ಗ್ಲಾಸಿನ ಕಾಫಿಗಿಂತ ಕಡಕ್ ಎನಿಸುತ್ತದೆಂದು 2014ರ ಒಂದು ಅಧ್ಯಯನ ಹೇಳಿತು. ಬಣ್ಣದ ವೈದೃಶ್ಯ ನಾಲಿಗೆಗೆ ಮುನ್ಸೂಚನೆ ಕೊಡುತ್ತದೆ. ಹೋಟೆಲಿನವರು ಈ ಅಧ್ಯಯನ ಓದಿಲ್ಲ. ಆದರೆ ಪುಡಿ ತುಟ್ಟಿಯಾದ ವರ್ಷ ಯಾವ ಕಪ್ಪಿನಲ್ಲಿ ಕೊಡಬೇಕೆಂಬುದು ಅವರಿಗೆ ಹೇಳಿಕೊಡಬೇಕಾಗಿಲ್ಲ.

8. ಪೇಪರ್ ಕಪ್ಪು

ಹೆಸರಿಗೆ ಪೇಪರು. ಬರೀ ಕಾಗದವಾಗಿದ್ದರೆ ಚಹಾ ಕೈಗೆ ಬರುವ ಮೊದಲೇ ಕಪ್ಪು ಕರಗಿಹೋಗುತ್ತಿತ್ತು. ಒಳಮೈಗೆ ಪಾಲಿಥೀನಿನ ತೆಳು ಪೊರೆ ಅಂಟಿಸಿರುತ್ತಾರೆ. ಇಂಥ ಕಪ್ಪಿನಲ್ಲಿ 100 ಮಿಲಿಲೀಟರ್ ಬಿಸಿ ದ್ರವ 15 ನಿಮಿಷ ಇದ್ದರೆ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಅದರಲ್ಲಿ ಸೇರುತ್ತವೆಂದು ಐಐಟಿ ಖರಗ್‌ಪುರದವರು 2020ರಲ್ಲಿ ಲೆಕ್ಕ ಹಾಕಿದರು. ಕಣಗಳಿಗೆ ರುಚಿಯಿಲ್ಲ, ಅದೇ ತೊಂದರೆ. ತಾಮ್ರ ಕರಗಿದರೆ ಕೂಗಿ ಹೇಳುತ್ತದೆ, ಪ್ಲಾಸ್ಟಿಕ್ಕು ಸುಮ್ಮನೆ ಒಳಗೆ ಹೋಗುತ್ತದೆ. ಹೊಲಕ್ಕೆ ಪಾರ್ಸಲ್ ಹೊರಡುವ, ರಬ್ಬರ್ ಬ್ಯಾಂಡು ಸುತ್ತಿದ ಚಹಾದ ಚೀಲಕ್ಕೂ ಇದೇ ಮಾತು. ಒಂದು ಸಲ ಬಳಸಿ ಎಸೆಯುವ ಪ್ಲಾಸ್ಟಿಕ್ಕಿನ ಹಲವು ವಸ್ತುಗಳಿಗೆ ಕರ್ನಾಟಕ 2016ರಲ್ಲೂ ಕೇಂದ್ರ 2022ರ ಜುಲೈ 1ರಿಂದಲೂ ನಿಷೇಧ ಹಾಕಿವೆ. ಚೀಲಕ್ಕೆ ಓದು ಬರುವುದಿಲ್ಲ.

ಮೂಗಿನ ಲೆಕ್ಕದಲ್ಲೂ ಪ್ಲಾಸ್ಟಿಕ್ಕು ಕೆಟ್ಟ ನೆರೆಯವನೇ. ಪರಿಮಳದ ಅಣುಗಳು ನೀರಿಗಿಂತ ಎಣ್ಣೆಗೆ, ಎಣ್ಣೆಯಂಥ ಪ್ಲಾಸ್ಟಿಕ್ಕಿಗೆ ಬೇಗ ಒಲಿಯುತ್ತವೆ. ನಿನ್ನೆ ಮಸಾಲೆ ಮಜ್ಜಿಗೆ ತುಂಬಿದ್ದ ಬಾಟಲಿಯಲ್ಲಿ ಇವತ್ತಿನ ನೀರಿಗೂ ಕೊತ್ತಂಬರಿ.

9. ಮುಖ್ಯ ಎಚ್ಚರಿಕೆ (ದಪ್ಪ ಅಕ್ಷರದಲ್ಲಿ ಓದಿಕೊಳ್ಳಬೇಕು)

ಮೇಲಿನ ಎಲ್ಲ ಲೋಹ, ಮಣ್ಣು, ಗಾಜುಗಳಿಗಿಂತ ರುಚಿಯನ್ನು ಹೆಚ್ಚು ಕೆಡಿಸಿದ ಅಂಶವೊಂದು ಯಾವ ಪ್ರಯೋಗಾಲಯದ ಪಟ್ಟಿಯಲ್ಲೂ ಇಲ್ಲ. ಈ ನಾಡಿನ ಅನೇಕ ಹಳ್ಳಿಗಳ ಹೋಟೆಲುಗಳಲ್ಲಿ ಒಂದು ಸಾಲು ಲೋಟ ಒಳಗೆ ಇರುತ್ತಿತ್ತು, ಇನ್ನೊಂದು ಹೊರಗೆ ಗೋಡೆಯ ಗೂಡಿನಲ್ಲಿ ಇರುತ್ತಿತ್ತು. ದಲಿತರು ಹೊರಗಿನ ಲೋಟ ತಾವೇ ತೆಗೆದುಕೊಂಡು, ಹೊರಗೇ ಕುಡಿದು, ತಾವೇ ತೊಳೆದಿಡಬೇಕಿತ್ತು. ಲೋಟವೂ ಇಲ್ಲದ ಕಡೆ ತೆಂಗಿನ ಚಿಪ್ಪು. ನೀರಾದರೆ ಬೊಗಸೆಗೆ ಎತ್ತಿ ಹೊಯ್ಯುವುದು. ಒಳಗಿನ ಲೋಟದ್ದೂ ಹೊರಗಿನದ್ದೂ ಒಂದೇ ಕೆಟಲಿಯ ಚಹಾ. ರುಚಿ ಒಂದೇ ಆಗಿತ್ತೆಂದು ಹೇಳುವವರು ಹೊರಗೆ ನಿಂತು ಕುಡಿದವರಲ್ಲ.

ಈ ದೋಷ ಎಷ್ಟು ಹಳೆಯದೆಂದರೆ, 1955ರಲ್ಲಿ ಅಸ್ಪೃಶ್ಯತೆಯ ವಿರುದ್ಧ ಸಂಸತ್ತು ಮಾಡಿದ ಕಾಯ್ದೆಯ 4ನೆಯ ಕಲಮು ಹೋಟೆಲಿನ ಪಾತ್ರೆಗಳನ್ನು ಹೆಸರಿಸಿಯೇ ಹೇಳಬೇಕಾಯಿತು: ಸಾರ್ವಜನಿಕ ಹೋಟೆಲು, ಧರ್ಮಶಾಲೆಗಳಲ್ಲಿ ಎಲ್ಲರ ಬಳಕೆಗಿಟ್ಟ ಪಾತ್ರೆಯನ್ನು ಯಾರಿಗೂ ಅಸ್ಪೃಶ್ಯತೆಯ ಕಾರಣಕ್ಕೆ ನಿರಾಕರಿಸುವಂತಿಲ್ಲ. ಇದೇ ಶಿಗ್ಗಾವಿ ತಾಲ್ಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರು ಕುಲದ ಪ್ರಶ್ನೆ ಎತ್ತಿದ್ದು 16ನೆಯ ಶತಮಾನದಲ್ಲಿ. ಉತ್ತರ ಲೋಟದವರೆಗೆ ತಲುಪಲು ಕಾನೂನೇ ಬೇಕಾಯಿತು, ಅದೂ ಕೆಲವೆಡೆ ಇನ್ನೂ ದಾರಿಯಲ್ಲಿದೆ.

ಪೇಪರ್ ಕಪ್ಪನ್ನು ಬೈಯುವಾಗ ಇದನ್ನು ನೆನೆದು ಬೈಯಬೇಕು. ಯಾರು ಕುಡಿದರೂ ಎಸೆಯುವ ಕಪ್ಪಿಗೆ ಒಳಗು ಹೊರಗಿನ ಗೂಡು ಬೇಡ. ಹಾಗೆಂದು ಅದನ್ನು ಸಮಾನತೆಯ ಕಪ್ಪೆಂದು ಹೊಗಳಿದರೆ ಅದೂ ಮೋಸ. ಒಂದೇ ಲೋಟ ತೊಳೆದು ಎಲ್ಲರಿಗೂ ಕೊಡುವ ಧೈರ್ಯವಿಲ್ಲದವರಿಗೂ ಅದೇ ಕಪ್ಪು ಅಡಗುತಾಣ. ಲೋಟವನ್ನು ಕುದಿಯುವ ನೀರಲ್ಲಿ ಅದ್ದಿ ಸಾಲಾಗಿ ಮಗುಚಿಟ್ಟು, ಬಂದವರಿಗೆ ಕೈಗೆ ಸಿಕ್ಕಿದ್ದನ್ನು ಕೊಡುವ ಹೋಟೆಲೇ ಈ ಕೈಪಿಡಿಯ ಶಿಫಾರಸು.

10. ದೋಷ ಪರಿಹಾರ

*ಚಹಾ ಕಪ್ಪಾಗಿ ಒಗರಾಗಿದೆ.* ಕಬ್ಬಿಣದ ಪಾತ್ರೆಯಲ್ಲಿ ಕುದಿಸಿದಿರಾ? ಚಹಾದ ಟ್ಯಾನಿನ್ನೂ ಕಬ್ಬಿಣವೂ ಕೂಡಿದರೆ ಮಸಿ. ಹಳೆಯ ಕಾಲದ ಶಾಯಿಯನ್ನು ಮಾಡುತ್ತಿದ್ದುದೂ ಹೀಗೆಯೇ. ಪಾತ್ರೆ ಬದಲಿಸಿ, ಅಥವಾ ಪತ್ರ ಬರೆಯಿರಿ.

*ಜರ್ಮನ್ ಬೋಗುಣಿಯಲ್ಲಿ ಮಾಡಿದ ಹುಳಿಸಾರು ಬೇರೆ ರುಚಿ.* ಜರ್ಮನ್ ಎಂದರೆ ಅಲ್ಯೂಮಿನಿಯಂ, ಅದು ಹುಳಿಗೆ ಕರಗುತ್ತದೆ. ಬೋಗುಣಿಯಲ್ಲಿ ನೀರು ಕಾಯಿಸಿ, ಹುಳಿಯನ್ನು ಸ್ಟೀಲಿಗೆ ವರ್ಗಾಯಿಸಿ.

*ಥರ್ಮಾಸಿನ ಚಹಾ ಬೇಯಿಸಿದ ಹಾಲಿನಂತೆ ನಾರುತ್ತದೆ.* ಥರ್ಮಾಸಿಗೆ ಬೈಯಬೇಡಿ. 1892ರಲ್ಲಿ ಜೇಮ್ಸ್ ಡ್ಯೂವರ್ ನಿರ್ವಾತದ ಪಾತ್ರೆ ಮಾಡಿದ್ದು ಕೊರೆಯುವ ದ್ರವಗಳನ್ನು ತಂಪಾಗಿಡಲು. ನೀವು ಹಾಲು ಚಹಾವನ್ನು ತಾಸುಗಟ್ಟಲೆ ಬಿಸಿಯಲ್ಲಿಟ್ಟಿರಿ. ಬಿಸಿನೀರು ಮಾತ್ರ ತುಂಬಿ, ಚಹಾ ಅಲ್ಲೇ ಮಾಡಿಕೊಳ್ಳಿ.

*ಎಲ್ಲ ಸರಿಯಿದೆ, ಆದರೂ ಮನೆಯ ಚಹಾ ಹೋಟೆಲಿನಂತಿಲ್ಲ.* ಹೋಟೆಲಿನಲ್ಲಿ ಲೋಟ ನೀವು ತೊಳೆಯುವುದಿಲ್ಲ.

11. ವಾರಂಟಿ

ಹರವಿಗೆ ಒಡೆಯುವ ತನಕ. ಕಲಾಯಿಗೆ ಮುಂದಿನ ಕಲಾಯಿಯವರು ಬರುವ ತನಕ, ಬಂದರೆ. ಸ್ಟೀಲಿಗೆ ಅದರ ಮೇಲೆ ಹೆಸರು ಹೊಡೆಸಿದವರು ಇರುವ ತನಕ, ಆಮೇಲೂ. ಪೇಪರ್ ಕಪ್ಪಿಗೆ ಕೊನೆಯ ಗುಟುಕಿನ ತನಕ, ಅಷ್ಟರೊಳಗೆ ತಳ ಮೆತ್ತಗಾಗದಿದ್ದರೆ.

ರುಚಿಯ ಬಗ್ಗೆ ದೂರು ಕೊಡುವವರು ಮೊದಲು ಈ ಪರೀಕ್ಷೆ ಮಾಡಿ ಬರಬೇಕು. ಒಂದೇ ಕೆಟಲಿಯ ಚಹಾವನ್ನು ಸ್ಟೀಲು, ಪಿಂಗಾಣಿ, ಗಾಜು ಮೂರರಲ್ಲೂ ಸುರಿದು, ಕಣ್ಣು ಮುಚ್ಚಿ, ಮನೆಯವರ ಕೈಯಿಂದ ಒಂದೊಂದೇ ಬಾಯಿಗೆ ಹಿಡಿಸಿಕೊಳ್ಳಿ. ಮೂರೂ ಬೇರೆ ಬೇರೆ ಎನಿಸಿದರೆ ತಪ್ಪು ಪಾತ್ರೆಯದು, ಬದಲಿಸಿಕೊಡಲಾಗುವುದಿಲ್ಲ. ಮೂರೂ ಒಂದೇ ತರ ಕೆಟ್ಟದಾಗಿದ್ದರೆ ಮಾತ್ರ ಚಹಾ ಮಾಡಿದವರನ್ನು ಕೇಳಬಹುದು. ಕೇಳಿದವರೇ ನಾಳೆಯಿಂದ ಚಹಾ ಮಾಡಬೇಕು ಎಂಬುದು ಈ ವಾರಂಟಿಯ ಷರತ್ತು.